ಟ್ರೋಲಿಂಗ್ ದಾರ: ಪೌಂಡ್ ಆಮೇಲೆ, ಮೊದಲು ಮಿಲಿಮೀಟರ್ ನೋಡಿ

ಗಾಳದ ಸಾಮಾನಿನ ಅಂಗಡಿಗೆ ಹೋಗಿ ದಾರ ಕೇಳಿದರೆ ಮೊದಲು ಬರುವ ಪ್ರಶ್ನೆ "ಎಷ್ಟು ಪೌಂಡ್?", ಅಂದರೆ ದಾರ ಎಷ್ಟು ಎಳೆತ ತಾಳಬೇಕು. 15ರಿಂದ 30 ಗ್ರಾಂ ತೂಕದ ಜಿಗ್ಗನ್ನು (ಗಾಳ ಸಿಕ್ಕಿಸಿದ ಲೋಹದ ಕೃತಕ ಮೀನು) ದೋಣಿಯ ಹಿಂದೆ ಎಳೆಯುವವರು, ಅಂದರೆ ಟ್ರೋಲಿಂಗ್ ಮಾಡುವವರು, ಅದಕ್ಕಿಂತ ಮೊದಲು ಕೇಳಬೇಕಾದದ್ದು ದಾರದ ದಪ್ಪ. ಇಷ್ಟು ಹಗುರದ ಜಿಗ್ ಎಷ್ಟು ಆಳದಲ್ಲಿ ಓಡುತ್ತದೆ ಎಂಬುದು ಅದರ ತೂಕದಷ್ಟೇ ದಾರದ ದಪ್ಪವನ್ನೂ ಅವಲಂಬಿಸಿದೆ. ದಪ್ಪ ದಾರವನ್ನು ನೀರು ಹಿಡಿದೆಳೆಯುತ್ತದೆ. ಆಗ ಜಿಗ್ ಮೇಲೆದ್ದು ಅಲೆಯ ಮೇಲೆ ಕುಪ್ಪಳಿಸುತ್ತ ಬರುತ್ತದೆ, ಮೀನು ಕೆಳಗೇ ಉಳಿಯುತ್ತದೆ.

ಈ ವಿಮರ್ಶೆ ನಮ್ಮ ಕರಾವಳಿಯ ಬಂಗುಡೆ, ಕೊಕ್ಕರ್, ಅಂಜಲ್ ಮೀನುಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಲೆಕ್ಕ ಹಾಕಿರುವುದು 3ರಿಂದ 4 ನಾಟ್ ವೇಗದ ಸಣ್ಣ ದೋಣಿಗೆ, 4000 ಗಾತ್ರದ ಸ್ಪಿನ್ನಿಂಗ್ ರೀಲ್‌ಗೆ.

ಮೊದಲು ನೈಲಾನ್ ಮೋನೋ, ಅಂದರೆ ಒಂಟಿ ಎಳೆಯ ದಾರ. ಬರ್ಕ್ಲಿ ಬಿಗ್ ಗೇಮ್ 20 ಪೌಂಡಿನದು 0.46 ಮಿ.ಮೀ. ದಪ್ಪ. ಗಟ್ಟಿ, ಅಗ್ಗ, ಉಜ್ಜಾಟ ತಡೆಯುತ್ತದೆ, ಗಂಟು ಸುಲಭವಾಗಿ ಕೂರುತ್ತದೆ. ಚೆನ್ನಾಗಿ ಹಿಗ್ಗುವುದರಿಂದ ಮೆತ್ತಗಿನ ಬಾಯಿಯ ಬಂಗುಡೆಯಿಂದ ಸಣ್ಣ ಗಾಳ ಹರಿದು ಬರುವುದಿಲ್ಲ. ಆದರೆ ಅದೇ 20 ಪೌಂಡಿನ ಪವರ್‌ಪ್ರೊ ಹೆಣೆದ ದಾರ 0.23 ಮಿ.ಮೀ., ಅಂದರೆ ಸರಿಯಾಗಿ ಅರ್ಧ. ಅದರ ಡಬ್ಬಿಯ ಮೇಲೆ 20ರ ಜೊತೆಗೆ 6 ಎಂದೂ ಬರೆದಿರುತ್ತದೆ: ದಪ್ಪದಲ್ಲಿ 6 ಪೌಂಡ್ ನೈಲಾನ್‌ಗೆ ಸಮ ಎಂದರ್ಥ. 40 ಮೀಟರ್ ದಾರ ಹೊರಗಿರುವಾಗ ಈ ವ್ಯತ್ಯಾಸ ರಾಡ್‌ನ ತುದಿಯಲ್ಲೇ ಕಾಣುತ್ತದೆ. ಮೋನೋ ಹಾಕಿದ ರಾಡ್ ಖಾಲಿ ಜಿಗ್ಗಿಗೇ ಬಾಗಿ ನಿಂತಿರುತ್ತದೆ. ಹೆಣೆದ ದಾರದ ರಾಡ್‌ನಲ್ಲಿ ಜಿಗ್‌ನ ನಡುಕವೇ ತಿಳಿಯುತ್ತದೆ. ನಡುಕ ನಿಂತಿತೋ, ಗಾಳಕ್ಕೆ ಕಸ ಸಿಕ್ಕಿದೆ ಎಂದು ಲೆಕ್ಕ. ಮೋನೋದಲ್ಲಿ ಕಸ ಎಳೆಯುತ್ತಲೇ ಅರ್ಧ ಗಂಟೆ ಕಳೆದರೂ ಗೊತ್ತಾಗುವುದಿಲ್ಲ.

ಹಾಗಾಗಿ ಮುಖ್ಯ ದಾರಕ್ಕೆ ನಮ್ಮ ಮತ ಹೆಣೆದ ಪಿಇ (ಪಾಲಿಎಥಿಲೀನ್) ದಾರಕ್ಕೇ. ಜಪಾನಿನ ಅಳತೆಯಲ್ಲಿ ಪಿಇ 1.5, ಅಂದರೆ ಸುಮಾರು 0.205 ಮಿ.ಮೀ., ಈ ಕೆಲಸಕ್ಕೆ ಸಾಕು. ದೊಡ್ಡ ಅಂಜಲ್‌ನ ಭಯವಿದ್ದರೆ ಪಿಇ 2, ಸುಮಾರು 0.235. ನಾಲ್ಕೆಳೆಯೋ ಎಂಟೆಳೆಯೋ ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಅರ್ಥವಿಲ್ಲ. ಎಂಟೆಳೆಯ ನುಣುಪಿಗೆ ಕೊಡುವ ದುಡ್ಡು ದೂರ ಎಸೆಯುವವರಿಗೆ ವಸೂಲಾಗುತ್ತದೆ. ಟ್ರೋಲಿಂಗ್‌ನಲ್ಲಿ ಎಸೆಯುವುದೇ ಇಲ್ಲ. ನಾಲ್ಕೆಳೆಯಲ್ಲಿ ಒಂದೊಂದು ಎಳೆಯೂ ದಪ್ಪಗಿರುವುದರಿಂದ ಉಜ್ಜಾಟವನ್ನು ಇನ್ನೂ ಚೆನ್ನಾಗಿ ತಾಳುತ್ತದೆ. ಸೂಫಿಕ್ಸ್ 832ರ ಎಂಟೆಳೆಗಳಲ್ಲಿ ಒಂದು ಗೋರ್ ಕಂಪನಿಯ ಎಳೆ. ದಾರ ದುಂಡಗೆ, ಒಳ್ಳೆಯ ಮಾಲು. ಆದರೆ ಈ ಒಂದೇ ಕೆಲಸಕ್ಕೆಂದು ಅದನ್ನು ಕೊಳ್ಳಬೇಕಿಲ್ಲ. ಅದೇ ದುಡ್ಡಿಗೆ ಪ್ರತಿ 10 ಮೀಟರಿಗೊಮ್ಮೆ ಬಣ್ಣ ಬದಲಾಗುವ ದಾರ ಸಿಕ್ಕರೆ ಅದನ್ನೇ ಹಿಡಿಯಿರಿ. ಮೀನು ಸಿಕ್ಕಾಗ ಮೂರನೆಯ ಬಣ್ಣ ಹೊರಗಿತ್ತು ಎಂದು ನೆನಪಿಟ್ಟರೆ ಸಾಕು, ಮತ್ತೆ ಅಲ್ಲಿಗೇ ಬಿಡಬಹುದು.

ಹೆಸರಿಲ್ಲದ ಪೊಟ್ಟಣಗಳ ಬಗ್ಗೆ ಒಂದು ಮಾತು. "0.16 ಮಿ.ಮೀ., 60 ಪೌಂಡ್" ಎಂದು ಅಚ್ಚು ಹಾಕಿದ್ದರೆ ಎರಡರಲ್ಲಿ ಒಂದು ಸುಳ್ಳು. 0.165 ಮಿ.ಮೀ. ಎಂದರೆ ಪಿಇ 1. ಅದು ಸಾಮಾನ್ಯವಾಗಿ 20 ಪೌಂಡಿನ ಆಸುಪಾಸಿನ ದಾರ. ಸಾಮಾನ್ಯವಾಗಿ ಸುಳ್ಳಾಗಿರುವುದು ದಪ್ಪದ ಅಂಕಿ.

ರೀಲಿಗೆ ಸುತ್ತುವಾಗ ಆಗುವ ತಪ್ಪು ಎರಡು. ಪಿಇ ದಾರವನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ರೀಲ್‌ನ ಬ್ರೇಕ್) ಕೆಟ್ಟಿದೆ ಎಂದು ನೀವು ರೀಲ್ ಬಿಚ್ಚುತ್ತೀರಿ. ಕೆಳಗೆ 5ರಿಂದ 10 ಮೀಟರ್ ಮೋನೋ ಸುತ್ತಿ ಅದಕ್ಕೆ ಜೋಡಿಸಿ. ಸಡಿಲವಾಗಿ ಸುತ್ತಿದ್ದರೆ ಮೀನು ಎಳೆದಾಗ ಮೇಲಿನ ದಾರ ಒಳಸುತ್ತುಗಳ ನಡುವೆ ಹೂತುಕೊಂಡು ಟಪ್ಪೆಂದು ತುಂಡಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಸುತ್ತಿ.

ಇನ್ನು ಲೀಡರ್, ಮುಖ್ಯ ದಾರಕ್ಕೂ ಜಿಗ್ಗಿಗೂ ನಡುವೆ ಕಟ್ಟುವ ತುಂಡು ದಾರ. ಹೆಚ್ಚಿನ ದುಡ್ಡು ವ್ಯರ್ಥವಾಗುವುದು ಇಲ್ಲಿಯೇ. ಫ್ಲೋರೋಕಾರ್ಬನ್ ದಾರ ನೀರಿನಲ್ಲಿ ಕಾಣುವುದೇ ಇಲ್ಲ ಎಂಬುದು ಮಾರಾಟದ ಮಾತು. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನ್‌ದು ಸುಮಾರು 1.53. ಬೆಳಕನ್ನು ಬಾಗಿಸುವ ಈ ಅಂಕಿ ನೀರಿನದಕ್ಕೆ ಹತ್ತಿರವಾದಷ್ಟೂ ದಾರ ಕಡಿಮೆ ಕಾಣುತ್ತದೆ. ಫ್ಲೋರೋ ಹತ್ತಿರ ಹೌದು, ಒಂದೇ ಅಲ್ಲ. ಮಳೆ ಮುಗಿದ ಹೊಸತರಲ್ಲಿ ಅಳಿವೆಯ ಬಳಿಯ ಕೆಂಪು ನೀರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ನೀರು ತಿಳಿಯಾದ ಮೇಲೆ, ಬಂಡೆಯ ಅಂಚಿನಲ್ಲಿ ಎಳೆಯುವಾಗ, ಸೀಗಾರ್‌ನಂಥ ಗಟ್ಟಿ ಮೈಯ ಫ್ಲೋರೋ 25 ಪೌಂಡಿನದು ಬೆಲೆಗೆ ತಕ್ಕ ಕೆಲಸ ಮಾಡುತ್ತದೆ, ಅದೂ ಮುಖ್ಯವಾಗಿ ಉಜ್ಜಾಟ ತಡೆಯುವುದರಲ್ಲಿ. ಉಳಿದ ದಿನಗಳಿಗೆ 30 ಪೌಂಡಿನ ನೈಲಾನ್ ಮೋನೋ 4 ಮೀಟರ್ ಉತ್ತಮ. ಪಿಇ ಹಿಗ್ಗುವುದೇ ಇಲ್ಲ ಎನ್ನಬಹುದು; ದೋಣಿ ಮುಂದೆ ಓಡುತ್ತಿರುವಾಗ ಮೀನು ಹಿಂದಕ್ಕೆ ಎಳೆದರೆ ಆ ಏಟನ್ನು ಯಾವುದಾದರೊಂದು ತಾಳಬೇಕು. ಆ ಕೆಲಸ ನೈಲಾನ್‌ನದು, ಜೊತೆಗೆ ರಾಡ್‌ನ ಮೆತ್ತನೆಯ ತುದಿಯದು. ಡ್ರ್ಯಾಗನ್ನು 1ರಿಂದ 1.5 ಕೆ.ಜಿ.ಗೆ ಇಡಿ. ಬಂಗುಡೆಯೊಂದೇ ಗುರಿಯಾದರೆ ಅದರ ಅರ್ಧ.

ದಾರ ಮತ್ತು ಲೀಡರ್ ಜೋಡಿಸಲು ಎಫ್‌ಜಿ ಗಂಟು, 18ರಿಂದ 20 ಸುತ್ತು. ಅಲುಗುವ ದೋಣಿಯಲ್ಲಿ ಅದು ಕೂರದಿದ್ದರೆ ಡಬಲ್ ಯೂನಿ: ಪಿಇ ಕಡೆ 8 ಸುತ್ತು, ಮೋನೋ ಕಡೆ 4. ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಲೇಬೇಕು. ಒಣಗಿದ್ದಾಗ ಎಳೆದರೆ ಫ್ಲೋರೋ ಬಿಸಿಯಾಗಿ ಸುರುಳಿ ಬೀಳುತ್ತದೆ. ಆ ಗಂಟು ಅರ್ಧ ಬಲವನ್ನು ಆಗಲೇ ಕಳೆದುಕೊಂಡಂತೆ. ಜಿಗ್ಗಿಗೆ ಬಿಗಿ ಗಂಟು ಬೇಡ, ಜಾರದ ಕುಣಿಕೆ ಹಾಕಿ. 30 ಪೌಂಡ್ ನೈಲಾನ್ ಗಡುಸು. ಬಿಗಿ ಗಂಟು 15 ಗ್ರಾಂ ಜಿಗ್‌ನ ಕತ್ತು ಹಿಡಿದಂತೆ, ಆಡಲು ಬಿಡುವುದಿಲ್ಲ.

ಸಣ್ಣ ಜಿಗ್ ಗಿರಗಿರ ತಿರುಗುತ್ತದೆ, ಆ ತಿರುಚು ದಾರಕ್ಕೆ ಏರುತ್ತದೆ. ಲೀಡರ್‌ನಲ್ಲಿ, ಜಿಗ್‌ನಿಂದ ದೋಣಿಯ ಕಡೆಗೆ ಒಂದು ಮೀಟರ್ ದೂರದಲ್ಲಿ, ಚಿಕ್ಕ ಬಾಲ್ ಬೇರಿಂಗ್ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಕಡಿಮೆ ಬೆಲೆಯ ಬ್ಯಾರಲ್ ಸ್ವಿವೆಲ್ ಎಳೆತ ಬಿದ್ದಾಗ ಸರಿಯಾಗಿ ತಿರುಗುವುದಿಲ್ಲ, ಇದ್ದೂ ಇಲ್ಲದಂತೆ. ಜಿಗ್ಗಿಗೇ ನೇರ ಸಿಕ್ಕಿಸಿದರೆ ಸ್ವಿವೆಲ್‌ನ ಭಾರಕ್ಕೆ ಮೂತಿ ತಗ್ಗುತ್ತದೆ. ಆಗಲೇ ತಿರುಚಿದ್ದರೆ ಸ್ವಿವೆಲ್, ಜಿಗ್ ಎಲ್ಲ ಕಳಚಿ ಬರಿಯ ದಾರವನ್ನು 50 ಮೀಟರ್ ಹಿಂದೆ ಬಿಟ್ಟು ಐದು ನಿಮಿಷ ದೋಣಿ ಓಡಿಸಿ, ತಾನೇ ಬಿಚ್ಚಿಕೊಳ್ಳುತ್ತದೆ.

ಸ್ಟೀಲ್ ವೈರ್ ಅಂಜಲ್‌ಗೆ ಮಾತ್ರ. ಅದರ ಹಲ್ಲಿಗೆ ಯಾವ ನೈಲಾನೂ ನಿಲ್ಲುವುದಿಲ್ಲ. ಒಂಟಿ ಎಳೆಯ, ಸುಮಾರು 0.3 ಮಿ.ಮೀ. ವೈರ್, 10ರಿಂದ 12 ಸೆಂ.ಮೀ. ಉದ್ದವಿದ್ದರೆ ಜಿಗ್‌ನ ಆಟ ಕೆಡುವುದಿಲ್ಲ. ಅದಕ್ಕಿಂತ ಉದ್ದವಾದರೆ ಬಂಗುಡೆ, ಕೊಕ್ಕರ್ ಮುಖ ತಿರುಗಿಸುತ್ತವೆ. ವೈರ್ ಕಟ್ಟಲು ಹೇವೈರ್ ತಿರುಚು (ಎರಡೂ ಎಳೆ ಒಂದನ್ನೊಂದು ಸುತ್ತುವಂತೆ) 5 ಸುತ್ತು, ಅದರ ಮೇಲೆ ಒತ್ತಾಗಿ 5 ಸುತ್ತು. ಕೊನೆಯನ್ನು ಇಕ್ಕಳದಲ್ಲಿ ಕತ್ತರಿಸಬೇಡಿ, ಹಿಂದೆ ಮುಂದೆ ಬಾಗಿಸಿ ಮುರಿಯಿರಿ. ಕತ್ತರಿಸಿದ ಮೊನೆ ಬೆರಳು ಸೀಳುತ್ತದೆ. ಒಮ್ಮೆ ಮಡಿಕೆ ಬಿದ್ದ ವೈರನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಮುಂದಿನ ಮೀನಿಗೆ ಅಲ್ಲೇ ಮುರಿಯುತ್ತದೆ.

ದಾರ ಖಾಲಿ ಬಂದರೆ ತುದಿ ನೋಡಿ. ಚಾಕುವಿನಲ್ಲಿ ಕೊಯ್ದಂತೆ ನುಣ್ಣಗಿದ್ದರೆ ಹಲ್ಲು, ವೈರ್ ಹಾಕಿ. ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ನಾರು ನಾರಾಗಿದ್ದರೆ ಬಂಡೆಗೋ ರಾಡ್‌ನ ಸವೆದ ಉಂಗುರಕ್ಕೋ ಉಜ್ಜಿದೆ. ಹತ್ತಿ ತುಂಡನ್ನು ಉಂಗುರದೊಳಗೆ ಆಡಿಸಿ, ಸಿಕ್ಕಿಕೊಂಡರೆ ಉಂಗುರ ಬದಲಿಸಿ.

ರಾಡ್ ಇಲ್ಲದೆ ಕೈಯಲ್ಲೇ ದಾರ ಹಿಡಿದು ಎಳೆಯುವವರು ಪಿಇ ಮುಟ್ಟಲೇಬಾರದು. ಬೆರಳನ್ನು ಮೂಳೆಯ ತನಕ ಕೊಯ್ಯುತ್ತದೆ. ಅವರಿಗೆ 0.8 ಮಿ.ಮೀ. ನೈಲಾನೇ ಸರಿ, ಆಳ ಬೇಕೆಂದರೆ ದೋಣಿಯ ವೇಗ ತಗ್ಗಿಸಬೇಕು, ಇಲ್ಲವೇ ಜಿಗ್‌ನ ತೂಕ ಏರಿಸಬೇಕು. ಒಂದೇ ದೋಣಿಯಲ್ಲಿ ಎರಡು ಬಗೆಯ ದಾರವನ್ನೂ ಬಿಡಬೇಡಿ. ತಿರುವಿನಲ್ಲಿ ಒಂದರ ಮೇಲೊಂದು ಬಿದ್ದರೆ ಪಿಇ ಮೋನೋವನ್ನು ಗರಗಸದಂತೆ ಕೊಯ್ದುಬಿಡುತ್ತದೆ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಪಿಇ ದಾರವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತುದಿ ಬುಡ ಅದಲುಬದಲು ಮಾಡಿ ಸುತ್ತಿಡಿ. ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ಬಿಸಿಲು ತಿಂದ ನೈಲಾನ್ ಲೀಡರ್‌ಗಳನ್ನು ಮುಂದಿನ ಹಂಗಾಮಿಗೆ ಉಳಿಸಿಕೊಳ್ಳಬೇಡಿ.