ಎರಡು ವರ್ಷದ ಮಗುವಿನ ಜೊತೆ ವಿಮಾನ ಪ್ರಯಾಣ: ಯಾವುದು ತಗೊಳ್ಳಬಹುದು, ಯಾವುದು ಬೇಡ

ವಿಮಾನಕ್ಕೆ ಅಂತ ಮಕ್ಕಳ ಸಾಮಾನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಕೈ ಜಾರಿ ಕೆಳಗೆ ಬಿದ್ದರೆ ಏನಾಗುತ್ತದೆ? ಬೆಲ್ಟ್ ಹಾಕಿಕೊಂಡು ಕೂತಾಗ, ಮುಂದಿನ ಸೀಟು ಮೊಣಕಾಲಿಗೆ ತಾಗುತ್ತಿರುವಾಗ, ಬಗ್ಗಿ ಏನನ್ನೂ ಎತ್ತಿಕೊಳ್ಳೋಕೆ ಆಗುವುದಿಲ್ಲ. ಉರುಳಿ ಹೋದ ಆಟಿಕೆ ಹೋಯಿತು ಅಂತಲೇ ಲೆಕ್ಕ, ಮತ್ತೆ ಅದೇ ಬೇಕು ಅಂತ ಅಳು ಶುರು. ಅಂಗಡಿಯಲ್ಲಿ 'ಟ್ರಾವೆಲ್ ಟಾಯ್' ಅಂತ ಬರೆದಿರುವ ಎಷ್ಟೋ ವಸ್ತುಗಳು ಈ ಒಂದು ಪ್ರಶ್ನೆಗೇ ಸೋಲುತ್ತವೆ.

ಮಗಳಿಗೆ ಎರಡು ತುಂಬಿದೆ. ತಂಗಿ ದುಬೈನಲ್ಲಿರುವುದರಿಂದ ಬೆಂಗಳೂರು–ದುಬೈ ನಮಗೆ ಆಗಾಗ ಹೋಗಿಬರುವ ದಾರಿ, ಒಂದು ಕಡೆಗೆ ಸುಮಾರು ನಾಲ್ಕು ಗಂಟೆ. ಅಲ್ಲಿ ಬಳಸಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವುದೂ ಯಾವ ಕಂಪನಿಯೂ ಕಳಿಸಿಕೊಟ್ಟದ್ದಲ್ಲ, ಸ್ನೇಹಿತರಿಂದ ತಂದ ಒಂದು ಬೆಲ್ಟು ಬಿಟ್ಟರೆ ಎಲ್ಲ ನಾವೇ ದುಡ್ಡು ಕೊಟ್ಟು ತಂದದ್ದು.

ಮೊದಲು ನನ್ನ ಮೆಚ್ಚಿನದು. ಮೆಲಿಸ್ಸಾ ಅಂಡ್ ಡಗ್ ಕಂಪನಿಯ ವಾಟರ್ ವಾವ್ ಪುಸ್ತಕ. ನೋಡಿರದವರಿಗೆ ಹೇಳುತ್ತೇನೆ: ದಪ್ಪ ರಟ್ಟಿನ ನಾಲ್ಕು ಹಾಳೆ, ಸುರುಳಿ ಬೈಂಡಿಂಗ್, ಜೊತೆಗೆ ನೀರು ತುಂಬುವ ಒಂದು ಗಿಡ್ಡ ಪೆನ್ನು. ಪೆನ್ನಿನ ತುದಿಯಲ್ಲಿ ಬ್ರಷ್. ಒದ್ದೆ ಬ್ರಷ್ ಸವರಿದ ಕಡೆ ಬಣ್ಣ ಮೂಡುತ್ತದೆ, ಒಣಗಿದರೆ ಮತ್ತೆ ಬಿಳಿ. ಬಟ್ಟೆಗೆ ಕಲೆ ಇಲ್ಲ, ಸೀಟಿಗೆ ಕಲೆ ಇಲ್ಲ, ಪಕ್ಕದವರ ಅಂಗಿಗೆ ತಾಗಿದರೂ ಬರೀ ನೀರು. ಪೆನ್ನು ದಪ್ಪಗಿರುವುದರಿಂದ ಇಡೀ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ, ಬೆರಳಿನಲ್ಲಿ ಪೆನ್ಸಿಲ್ ಹಿಡಿಯಲು ಬರದ ವಯಸ್ಸಿಗೆ ಇದೇ ಸರಿ. ನಾಲಿಗೆ ಸ್ವಲ್ಪ ಹೊರಗೆ ಹಾಕಿ, ಮೀನಿನ ಬಾಲದಿಂದ ಶುರು ಮಾಡಿ, ಕಣ್ಣಿನ ತನಕ ಬರುವಷ್ಟರಲ್ಲಿ ಬಾಲದ ಬಣ್ಣ ಮಾಯ. ಮತ್ತೆ ಬಾಲಕ್ಕೆ ಓಡುತ್ತಾಳೆ. ಮನೆಯಲ್ಲಿ ಇದು ಒಣಗುವುದಕ್ಕೆ ಒಳ್ಳೆ ಹೊತ್ತು ಬೇಕು. ವಿಮಾನದ ಒಳಗಿನ ಗಾಳಿ ತುಂಬಾ ಒಣ, ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಹಾಗಾಗಿ ಅಲ್ಲಿ ಹಾಳೆ ಬೇಗ ಒಣಗುತ್ತದೆ, ಆಟವೂ ಬೇಗ ಹೊಸದಾಗುತ್ತದೆ. ನೆಲದ ಮೇಲಿಗಿಂತ ಆಕಾಶದಲ್ಲೇ ಚೆನ್ನಾಗಿ ಕೆಲಸ ಮಾಡುವ ಆಟಿಕೆ ನಾನು ಕಂಡದ್ದು ಇದೊಂದೇ.

ಬಿದ್ದರೆ? ಪುಸ್ತಕ ಚಪ್ಪಟೆ, ಎಲ್ಲೂ ಉರುಳುವುದಿಲ್ಲ, ಕಾಲಲ್ಲೇ ಎಳೆದುಕೊಳ್ಳಬಹುದು. ಪೆನ್ನು ಮಾತ್ರ ಜಾರುತ್ತದೆ. ಅದಕ್ಕೆ ಒಂದು ದಾರ ಕಟ್ಟಿ ಸುರುಳಿಗೆ ಗಂಟು ಹಾಕಿ. ದಾರ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಹಾಗೆ ಇರಬಾರದು. ನೀರನ್ನು ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿ, ಆ ಕಡೆಗಿನ ಕುಡಿಯುವ ನೀರಿನ ನಲ್ಲಿಯೇ ಸಾಕು. ಇದೇ ತರಹದ ಅಗ್ಗದ ನಕಲುಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ನಾವು ತರಿಸಿದ ಒಂದರಲ್ಲಿ ಬ್ರಷ್ ಕೂದಲು ಎರಡೇ ದಿನಕ್ಕೆ ಕಿತ್ತು ಬಂತು, ಬಾಯಿಗೆ ಹೋಗುವ ಭಯ. ಅದನ್ನು ಎಸೆದೆವು. ಈ ಒಂದು ವಸ್ತುವಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಎರಡನೆಯದು ಇನ್ನೂ ಅಗ್ಗ. ಪೇಂಟಿಂಗ್ ಮಾಡುವವರು ಅಂಚಿಗೆ ಅಂಟಿಸುವ ಪೇಪರ್ ಟೇಪು, ಮಾಸ್ಕಿಂಗ್ ಟೇಪ್ ಅಂತ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ, ಸ್ಟೇಷನರಿಯಲ್ಲಿ ಸಿಗುತ್ತದೆ. ಸಣ್ಣ ಸಣ್ಣ ಚೂರು ಹರಿದು ಮುಂದಿನ ಟ್ರೇ ಮೇಲೆ ಅಂಟಿಸಿ, ಒಂದು ತುದಿ ಸ್ವಲ್ಪ ಎತ್ತಿ ಬಿಡಿ. ಮಗು ಉಗುರು ತೂರಿಸಿ ಕೀಳುತ್ತದೆ. ಕಿತ್ತದ್ದನ್ನು ತನ್ನ ಮೂಗಿಗೆ ಅಂಟಿಸಿಕೊಳ್ಳುತ್ತದೆ, ಅಪ್ಪನ ಕೈಗೆ ಅಂಟಿಸುತ್ತದೆ, ಕಿಟಕಿಗೆ ಅಂಟಿಸುತ್ತದೆ. ಇದು ಕೆಳಗೆ ಬೀಳುವ ಮಾತೇ ಇಲ್ಲ. ಅಂಟು ಹಗುರವಾದ್ದರಿಂದ ಟ್ರೇ ಮೇಲೆ ಗುರುತೂ ಉಳಿಯುವುದಿಲ್ಲ. ಇಳಿಯುವ ಮೊದಲು ಎಲ್ಲವನ್ನೂ ಕಿತ್ತು ಉಂಡೆ ಮಾಡಿ ಕಸಕ್ಕೆ ಹಾಕಿ, ಕ್ಲೀನ್ ಮಾಡುವವರ ತಲೆಗೆ ಕಟ್ಟಬೇಡಿ. ಸೋಪು, ಸ್ಯಾನಿಟೈಸರ್ ವೈಪ್ ಸಹ ಜೊತೆಗಿರಲಿ, ಟ್ರೇಯನ್ನು ಮೊದಲು ಒರೆಸಿಬಿಡಿ, ಯಾಕೆಂದರೆ ಅಂಟಿಸಿದ್ದೆಲ್ಲ ಬಾಯಿಗೂ ಹೋಗಿ ಬರುತ್ತದೆ.

ಚನ್ನಪಟ್ಟಣದ ಆಟಿಕೆ ಬಗ್ಗೆ ಬರೆಯದಿದ್ದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಆಲೆ ಮರ, ಅರಗಿನ ಬಣ್ಣ, ಕೈಗೆ ನಯ. ಮಗು ಕಚ್ಚಿದರೂ ನಮಗೆ ಎದೆ ಝಲ್ ಅನ್ನುವುದಿಲ್ಲ. ಭೌಗೋಳಿಕ ಗುರುತು ಪಡೆದ ಕಸುಬು ಅದು. ಹೊಸ ಎಕ್ಸ್‌ಪ್ರೆಸ್‌ವೇ ಊರ ಹೊರಗಿಂದ ಹೋಗುವುದರಿಂದ ಮೈಸೂರಿಗೆ ಹೋಗುವವರು ಮೊದಲಿನ ಹಾಗೆ ಅಂಗಡಿ ಮುಂದೆ ಕಾರು ನಿಲ್ಲಿಸುವುದು ಕಡಿಮೆಯಾಗಿದೆ, ಸ್ವಲ್ಪ ಸುತ್ತಾದರೂ ಊರೊಳಗೆ ಹೋಗಿ ತನ್ನಿ. ಆದರೆ ವಿಮಾನಕ್ಕೆ ಆರಿಸುವಾಗ ನೋಡಿ ತಗೊಳ್ಳಿ. ಬುಗುರಿ, ಗಾಲಿಯ ಕಾರು, ಒಂದರ ಮೇಲೊಂದು ಜೋಡಿಸುವ ಬಳೆ, ಎಲ್ಲವೂ ಉರುಳುವ ಜಾತಿ. ವಿಮಾನ ಏರುವಾಗ ಮೂಗು ಮೇಲಾಗಿ ನೆಲವೇ ಇಳಿಜಾರು, ಆಗ ಬಿದ್ದದ್ದು ಹಿಂದಿನ ಸಾಲುಗಳ ಕಡೆಗೆ ಓಡುತ್ತದೆ. ಗಿಲಕಿ ಬೇಡವೇ ಬೇಡ, ರಾತ್ರಿ ಫ್ಲೈಟಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಮರದ ದಪ್ಪ ಮಣಿಗಳನ್ನು ಎಲಾಸ್ಟಿಕ್‌ನಲ್ಲಿ ಪೋಣಿಸಿ ಮಾಡಿದ, ಕೈಯಲ್ಲಿ ಹಿಸುಕಿ ತಿರುಚುವ ಆಟಿಕೆ ಇದೆಯಲ್ಲ, ಅದು ಚೆನ್ನ. ಬಿಡಿಯಾಗುವುದಿಲ್ಲ, ಉರುಳುವುದೂ ಇಲ್ಲ. ಎಲಾಸ್ಟಿಕ್ ಗಟ್ಟಿ ಇದೆಯಾ ಅಂತ ಅಂಗಡಿಯಲ್ಲೇ ಜೋರಾಗಿ ಎಳೆದು ನೋಡಿ.

ಒಂದು ಮಾತು, ಇದನ್ನೆಲ್ಲ ಒಟ್ಟಿಗೆ ತೆಗೆಯಬೇಡಿ. ಒಂದು ಕೈಗೆ ಬಂದರೆ ಇನ್ನೊಂದು ಬ್ಯಾಗಿನಲ್ಲಿರಲಿ. ಹೊರಡುವ ಹಿಂದಿನ ವಾರ ಅವನ್ನು ಅಟ್ಟದ ಮೇಲೆ ಇಟ್ಟುಬಿಟ್ಟರೆ ವಿಮಾನದಲ್ಲಿ ಹೊಸದರ ಹಾಗೆಯೇ ಕಾಣುತ್ತವೆ.

ಈಗ ನೀರು ಕುಡಿಯುವ ಸಿಪ್ಪರ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಸ್ಟ್ರಾ ಇರುವ, ಮುಚ್ಚಳದ ಗುಂಡಿ ಒತ್ತಿದರೆ ಟಪ್ ಅಂತ ತೆರೆಯುವ ಸಿಪ್ಪರ್ ಎಲ್ಲರ ಹತ್ತಿರವೂ ಇರುತ್ತದೆ ಅಲ್ವಾ? ವಿಮಾನ ಮೇಲೇರಿದ ಮೇಲೆ ಅದನ್ನು ಒತ್ತಿದರೆ ನೀರು ಸ್ಟ್ರಾದಿಂದ ಕಾರಂಜಿಯ ಹಾಗೆ ಚಿಮ್ಮುತ್ತದೆ, ಮಗುವಿನ ಮುಖಕ್ಕೇ. ಕಾರಣ ಸಿಂಪಲ್. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡವನ್ನು 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಟ್ಟಿರುತ್ತಾರೆ. ಸಿಪ್ಪರ್ ಒಳಗೆ ಸಿಕ್ಕಿಹಾಕಿಕೊಂಡ ಗಾಳಿ ಕೆಳಗಿನ ಒತ್ತಡದ್ದು, ಅದು ಹಿಗ್ಗಿ ನೀರನ್ನು ಸ್ಟ್ರಾದೊಳಕ್ಕೆ ತಳ್ಳುತ್ತದೆ. ಚಿಪ್ಸ್ ಪ್ಯಾಕೆಟ್ ಊದಿಕೊಳ್ಳುವುದೂ ಇದಕ್ಕೇ. ಅರ್ಧ ಖಾಲಿ ಇರುವ ಸಿಪ್ಪರ್‌ನಲ್ಲಿ ಗಾಳಿ ಜಾಸ್ತಿ, ಹಾಗಾಗಿ ಚಿಮ್ಮುವುದೂ ಜಾಸ್ತಿ. ಮೇಲಿನ ದೊಡ್ಡ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಗಾಳಿ ಬಿಟ್ಟು, ಮತ್ತೆ ಬಿಗಿ ಮಾಡಿ ಕೊಡಿ. ನಾವೀಗ ಸ್ಟ್ರಾ ಇಲ್ಲದ, ಅಂಚಿನಲ್ಲಿ ಎಲ್ಲಿ ಬೇಕಾದರೂ ಬಾಯಿಟ್ಟು ಕುಡಿಯುವ 360 ಕಪ್ ಒಯ್ಯುತ್ತೇವೆ. ಹೀರಿದರೆ ಮಾತ್ರ ನೀರು ಬರುತ್ತದೆ, ತಲೆಕೆಳಗಾದರೆ ಒಂದೆರಡು ಹನಿ ಅಷ್ಟೇ.

ಕುಡಿಯುವ ಕಪ್ ಬಗ್ಗೆ ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣ ಕಿವಿ. ಏರುವಾಗಿಗಿಂತ ಇಳಿಯುವಾಗಲೇ ಮಕ್ಕಳಿಗೆ ಕಿವಿ ನೋವು. ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಹೋಗುವ ಸಣ್ಣ ಕೊಳವೆ ಮಕ್ಕಳಲ್ಲಿ ಇನ್ನೂ ಕಿರಿದು, ಹೊರಗಿನ ಒತ್ತಡ ಏರುತ್ತಾ ಹೋದಾಗ ಅದು ಬೇಗ ತೆರೆಯುವುದಿಲ್ಲ. ನುಂಗಿದಾಗ ತೆರೆಯುತ್ತದೆ. ಹಾಗಾಗಿ ಇಳಿಯಲು ಶುರುವಾಗಿದೆ ಅಂತ ಗೊತ್ತಾದ ಕೂಡಲೇ ಗುಟುಕು ಗುಟುಕಾಗಿ ಕುಡಿಸುತ್ತಾ ಇರಿ. ಮಲಗಿರುವ ಮಗು ನುಂಗುವುದು ಕಡಿಮೆ, ಪಾಪ ಅನ್ನಿಸಿದರೂ ಮೆಲ್ಲಗೆ ಎಬ್ಬಿಸುವುದೇ ಒಳ್ಳೆಯದು. ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣವೇ ಸುಮಾರು 3000 ಅಡಿ ಎತ್ತರದಲ್ಲಿದೆ. ದುಬೈ ಬಹುತೇಕ ಸಮುದ್ರ ಮಟ್ಟ. ಅಂದರೆ ದುಬೈನಲ್ಲಿ, ಮುಂಬೈನಲ್ಲಿ ಇಳಿಯುವಾಗ ಕಿವಿಯ ಮೇಲೆ ಬೀಳುವ ಒತ್ತಡದ ವ್ಯತ್ಯಾಸ ಬೆಂಗಳೂರಲ್ಲಿ ಇಳಿಯುವಾಗಿನದಕ್ಕಿಂತ ದೊಡ್ಡದು. ಹೋಗುವಾಗ ಮಗು ಅತ್ತು, ಬರುವಾಗ ಸುಮ್ಮನಿತ್ತು ಅಂದರೆ ಇದೂ ಒಂದು ಕಾರಣ ಇರಬಹುದು. ನೆಗಡಿ, ಕಿವಿ ಸೋಂಕು ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ತಿಂಡಿಗೆ ಮಂಡಕ್ಕಿ. ಒಗ್ಗರಣೆ ಬೇಡ, ಕಡಲೆಕಾಯಿ ಬೀಜ ಖಂಡಿತ ಬೇಡ, ಆ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ. ಸಿಲಿಕಾನ್ ರೆಕ್ಕೆಗಳ ಮುಚ್ಚಳ ಇರುವ ತಿಂಡಿ ಡಬ್ಬಿ ಸಿಗುತ್ತದೆ, ಕೈ ಒಳಗೆ ಹೋಗುತ್ತದೆ ಆದರೆ ಡಬ್ಬಿ ಮಗುಚಿದರೆ ಚೆಲ್ಲುವುದು ಕಡಿಮೆ. ಮಂಡಕ್ಕಿಯನ್ನು ಒಂದೊಂದೇ ಆರಿಸಿ ತಿನ್ನುವುದೇ ಅರ್ಧ ಗಂಟೆಯ ಕೆಲಸ. ಹೊಟ್ಟೆ ತುಂಬಲು ತುಪ್ಪ ಸವರಿದ ಸಣ್ಣ ಇಡ್ಲಿ. ಮಗುವಿನ ಊಟ, ಹಾಲನ್ನು ಸೆಕ್ಯುರಿಟಿಯಲ್ಲಿ ಬಿಡುತ್ತಾರೆ, ಕೇಳಿದರೆ ತೆಗೆದು ತೋರಿಸಿ ಅಷ್ಟೇ.

ಇನ್ನು ದೊಡ್ಡ ಸಾಮಾನು. ಕೇರ್ಸ್ ಅನ್ನುವ ಬೆಲ್ಟು ಇದೆ. ಸೀಟಿನ ಬೆನ್ನಿಗೆ ಸುತ್ತಿ, ಭುಜದ ಮೇಲಿಂದ ಎರಡು ಪಟ್ಟಿ ಇಳಿಸಿ, ಸೀಟಿನ ಬೆಲ್ಟಿಗೇ ಸೇರಿಸುವುದು. ಅಮೆರಿಕದ ಸರ್ಕಾರಿ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಪ್ಪಿಗೆ ಕೊಟ್ಟಿರುವ ಈ ಬೆಲ್ಟು ಸುಮಾರು 10ರಿಂದ 20 ಕಿಲೋ ತೂಕದ, ಒಂದು ಮೀಟರ್ ಎತ್ತರದವರೆಗಿನ ಮಕ್ಕಳಿಗೆ. ಭಾರ ಅರ್ಧ ಕಿಲೋ ಕೂಡ ಇಲ್ಲ, ಕಾರ್ ಸೀಟ್ ಹೊತ್ತು ತಿರುಗುವುದರ ಮುಂದೆ ಇದು ತುಂಬಾ ಹಗುರ. ಮಗುವಿಗೆ ಬೇರೆ ಸೀಟು ಬೇಕು, ತೊಡೆಯ ಮೇಲೆ ಕೂರುವವರಿಗೆ ಇದಲ್ಲ. ಪಟ್ಟಿ ಹಿಂದಿನವರ ಟ್ರೇ ಅಡಿಯಿಂದ ಹಾದುಹೋಗುತ್ತದೆ, ಕೂರುವ ಮೊದಲೇ ಅವರಿಗೆ ಒಂದು ಮಾತು ಹೇಳಿ ಹಾಕಿ. ನನ್ನ ತಕರಾರು ಒಂದೇ, ಕಾಲುಗಳ ನಡುವೆ ಪಟ್ಟಿ ಇಲ್ಲದ್ದರಿಂದ ತುಂಟ ಮಗು ಕೆಳಕ್ಕೆ ಜಾರುತ್ತಾ ಹೋಗುತ್ತದೆ, ಸೊಂಟದ ಬೆಲ್ಟನ್ನು ಆಗಾಗ ಬಿಗಿ ಮಾಡಬೇಕು. ಅಮೆರಿಕ, ಯುರೋಪ್ ತನಕ ಹೋಗುವವರು ಯೋಚಿಸಬಹುದು. ದೆಹಲಿಗೆ, ದುಬೈಗೆ ಅಂತ ನಾನಾದರೆ ಕೊಳ್ಳುವುದಿಲ್ಲ, ನಾವೂ ಸ್ನೇಹಿತರಿಂದ ತಂದು ಬಳಸಿದ್ದು. ನಿಮ್ಮ ವಿಮಾನದಲ್ಲಿ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಗಾಳಿ ತುಂಬಿ ಸೀಟಿನ ಮುಂದಿಟ್ಟು ಹಾಸಿಗೆ ಮಾಡುವ ದಿಂಬು ಮಾತ್ರ ಬೇಡ. ಜಾಹೀರಾತಿನಲ್ಲಿ ಮಗು ಕಾಲು ಚಾಚಿ ಮಲಗಿರುತ್ತದೆ. ಆದರೆ ಏರುವಾಗ ಇಳಿಯುವಾಗ ಇಡುವ ಹಾಗಿಲ್ಲ, ತುರ್ತಿನಲ್ಲಿ ಹೊರಗೆ ಹೋಗುವ ದಾರಿಗೆ ಅಡ್ಡ ಅಂತ ಕೆಲವು ವಿಮಾನ ಕಂಪನಿಗಳು ಪೂರ್ತಿಯಾಗಿಯೇ ಬಿಡುವುದಿಲ್ಲ. ಗಾಳಿ ತುಂಬುವುದಕ್ಕೆ, ತೆಗೆಯುವುದಕ್ಕೆ ಅಷ್ಟು ಇಕ್ಕಟ್ಟಿನಲ್ಲಿ ಜಾಗವೂ ಇಲ್ಲ. ಆ ದುಡ್ಡು ಉಳಿಸಿ, ಅಜ್ಜಿಯ ಹಳೆ ಹತ್ತಿ ಸೀರೆಯಲ್ಲಿ ಹೊಲಿದ ಸಣ್ಣ ಕೌದಿ ಒಯ್ಯಿರಿ. ಒಳಗೆ ಎಸಿ ಜೋರಾಗಿರುತ್ತದೆ, ಮನೆಯ ವಾಸನೆ ಇರುವ ಬಟ್ಟೆ ಸಿಕ್ಕರೆ ಮಗಳು ತಾನಾಗಿಯೇ ಮಡಿಲಲ್ಲಿ ಒರಗುತ್ತಾಳೆ. ನಿದ್ದೆ ಬರಲಿ ಅಂತ ನೆಗಡಿ ಸಿರಪ್ ಕೊಡಿ ಅನ್ನುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಅದು ನಿದ್ದೆಯ ಮದ್ದಲ್ಲ, ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನೂ ಚಡಪಡಿಸುತ್ತಾರೆ.

ಫೋನು? ಭಾರತೀಯ ಮಕ್ಕಳ ವೈದ್ಯರ ಸಂಘ ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಅನ್ನುತ್ತದೆ. ನಾವು ಆ ಒಂದು ಗಂಟೆಯನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ, ಸೀಟ್ ಬೆಲ್ಟ್ ದೀಪ ಹತ್ತಿ ಎಲ್ಲೂ ಎದ್ದು ಓಡಾಡಲು ಆಗದ ಹೊತ್ತಿಗೆ. ನೋಡುವುದು ಅವಳದೇ ಹಳೆಯ ವಿಡಿಯೋಗಳು, ದನಿ ಇಲ್ಲದೆ. ಮಕ್ಕಳ ಹೆಡ್‌ಫೋನ್ ಕೊಂಡೆವು, ಕಿವಿಯ ಮೇಲೆ ಎರಡು ನಿಮಿಷ ನಿಲ್ಲಲಿಲ್ಲ. ಮೂರು ದಾಟಿದ ಮೇಲೆ ನೋಡೋಣ.

ಒಂದು ಪೈಸೆ ಖರ್ಚಿಲ್ಲದ್ದು ಓಡಾಟ. ದೇವನಹಳ್ಳಿಯ ಎರಡನೇ ಟರ್ಮಿನಲ್‌ನಲ್ಲಿ ಬಿದಿರಿನ ಛಾವಣಿ, ಮೇಲಿಂದ ತೂಗುವ ಗಿಡಗಳು, ನೀರು ಸುರಿಯುವ ಗೋಡೆ ಇವೆ. ಮಗುವನ್ನು ಅಲ್ಲಿ ನಡೆಸಿ, ನಡೆಸಿ, ನಡೆಸಿ. ಮಕ್ಕಳಿರುವವರು ಮೊದಲು ಬನ್ನಿ ಅಂತ ಕರೆದಾಗ ಒಬ್ಬರು ಬ್ಯಾಗುಗಳ ಜೊತೆ ಹೋಗಿ ಸೀಟು ಸರಿಮಾಡಲಿ, ಇನ್ನೊಬ್ಬರು ಮಗುವಿನ ಜೊತೆ ಕೊನೆಯಲ್ಲಿ ಹತ್ತಲಿ. ಒಳಗೆ ಸುಮ್ನೆ ಕೂರುವ ಅಷ್ಟು ಹೊತ್ತು ಉಳಿಯುತ್ತದೆ.

ಟಿಕೆಟ್ ಮಾಡುವಾಗ ಒಂದು ನೋಡಿ. ಎರಡು ತುಂಬುವ ತನಕ ತೊಡೆಯ ಮೇಲೆ, ತುಂಬಿದ ಮೇಲೆ ಬೇರೆ ಸೀಟು. ಹೋಗುವ ಮತ್ತು ಬರುವ ತಾರೀಕಿನ ನಡುವೆ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ತಗೊಳ್ಳಲೇಬೇಕು, ಅದನ್ನು ಬುಕ್ ಮಾಡುವಾಗಲೇ ಹೇಳಿಬಿಡಿ.