ಓವನ್‌ನಲ್ಲಿ ಸಾಲ್ಮನ್: ಜೋರು ಕಾವಾ, ಸಣ್ಣ ಕಾವಾ, ಬಾಳೆಎಲೆ ಪೊಟ್ಟಣವಾ?

ಕುಂದಾಪುರದ ನಮ್ಮ ಮನೆಯಲ್ಲಿ ಮೀನು ಅಂದರೆ ಮಣ್ಣಿನ ಪಾತ್ರೆಯ ಸಾರು, ಇಲ್ಲವೇ ಕಾವಲಿ ಮೇಲೆ ಹುರಿದ ಬಂಗುಡೆ. ಸಿಯಾಟಲ್‌ಗೆ ಬಂದ ಮೇಲೆ ಕಾವಲಿಯ ಆಸೆ ಶನಿವಾರಕ್ಕೆ ಸರಿಯಿತು. ಇಲ್ಲಿ ಚಳಿಗಾಲದಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ. ಮೀನು ಹುರಿದರೆ ಆ ವಾಸನೆ ಜಾಕೆಟ್‌ಗೆ ಹತ್ತಿಕೊಂಡು ಮಾರನೇ ದಿನ ಆಫೀಸಿಗೂ ಜೊತೆಗೆ ಬರುತ್ತದೆ. ಹಾಗಾಗಿ ವಾರದ ದಿನಗಳಲ್ಲಿ ಓವನ್, ಮೀನು ಸಾಲ್ಮನ್. ಮುಳ್ಳು ಕಡಿಮೆ, ಕೊಬ್ಬು ಜಾಸ್ತಿ, ಮಗಳು ತಕರಾರಿಲ್ಲದೆ ತಿನ್ನುತ್ತಾಳೆ.

ಆದರೆ ಎಷ್ಟು ಕಾವು, ಎಷ್ಟು ಹೊತ್ತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊನೆಗೆ ನಾನೇ ಮೂರು ಬಗೆಯಲ್ಲಿ ಮಾಡಿ ನೋಡಿದೆ. ಮೂರಕ್ಕೂ ಸಾಕಿದ ಅಟ್ಲಾಂಟಿಕ್ ಸಾಲ್ಮನ್, ಚರ್ಮ ಸಮೇತ, ಸುಮಾರು 170 ಗ್ರಾಂ ತೂಕದ, ಒಂದು ಇಂಚು ದಪ್ಪದ ನಡುಭಾಗದ ತುಂಡು. ಮಸಾಲೆಯೂ ಒಂದೇ: ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಅರಿಸಿನ, ಹುಣಸೆಹುಳಿ, ಉಪ್ಪು. ಜೊತೆಗೆ ಚುಚ್ಚಿ ನೋಡುವ ಥರ್ಮಾಮೀಟರ್.

ಮೊದಲು ಜೋರು ಕಾವು. ಇಲ್ಲಿನ ಓವನ್‌ಗಳ ಲೆಕ್ಕದಲ್ಲಿ 425 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 220 ಸೆಲ್ಸಿಯಸ್. ಹನ್ನೊಂದು ನಿಮಿಷಕ್ಕೆ ಮೀನು ಬೆಂದಿತ್ತು. ಮಸಾಲೆ ಅಂಚಿನಲ್ಲಿ ಕಪ್ಪಾಗಿ ಕಾವಲಿಯ ಘಮ ಬಂತು. ರುಚಿಯೂ ಇತ್ತು. ಆದರೆ ಎರಡು ಕೊರತೆ ಕಂಡೆ. ಒಂದು, ಬದಿಗಳಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಗಡ್ಡೆಗಳು ಉಕ್ಕಿ ನಿಂತವು. ಇದು ಕೊಬ್ಬಲ್ಲ, ಆಲ್ಬುಮಿನ್ ಅನ್ನುವ ಪ್ರೋಟೀನ್. ಮಾಂಸ ಬಿಸಿಗೆ ಬಿಗಿಯಾಗಿ ಕುಗ್ಗಿದಾಗ ಹಿಂಡಿಕೊಂಡು ಹೊರಗೆ ಬರುತ್ತದೆ. ತಿಂದರೆ ಏನೂ ಆಗುವುದಿಲ್ಲ, ನೋಡಲು ಮಾತ್ರ ಚೆನ್ನಾಗಿಲ್ಲ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಮೀನನ್ನು ಹದಿನೈದು ನಿಮಿಷ ನೆನೆಸಿ, ಒರೆಸಿ ಮಸಾಲೆ ಹಚ್ಚಿದರೆ ಇದು ಬಹಳ ಕಡಿಮೆಯಾಗುತ್ತದೆ. ಆಗ ಮಸಾಲೆಗೆ ಬೇರೆ ಉಪ್ಪು ಜಾಸ್ತಿ ಬೇಡ.

ಎರಡನೇ ಕೊರತೆಗೆ ಹೀಗೆ ಸುಲಭದ ಮದ್ದಿಲ್ಲ. ಈ ಕಾವಿನಲ್ಲಿ ಮೀನು ಹದವಾಗಿರುವ ಹೊತ್ತು ಎರಡೇ ನಿಮಿಷ. ಒಂದು ದಿನ ಫೋನ್ ಬಂತು ಅಂತ ಮೂರು ನಿಮಿಷ ತಡ ಮಾಡಿದೆ. ಹೊರಭಾಗವೆಲ್ಲ ಹತ್ತಿಯ ಹಾಗೆ ಒಣಗಿತ್ತು. ವಾರದ ದಿನದ ಅಡುಗೆ ಅಂದರೆ ಫೋನ್ ಬಂದೇ ಬರುತ್ತದೆ, ಮಗು ಕರೆದೇ ಕರೆಯುತ್ತದೆ.

ಆಮೇಲೆ ಸಣ್ಣ ಕಾವು: 275 ಫ್ಯಾರನ್‌ಹೀಟ್, ಸುಮಾರು 135 ಸೆಲ್ಸಿಯಸ್. ಇದಕ್ಕೆ ಇಪ್ಪತ್ನಾಲ್ಕು ನಿಮಿಷ ಹಿಡಿಯಿತು. ಕೆಲಸದ ದಿನ ಇಷ್ಟು ಹೊತ್ತು ಯಾರಿಗಿದೆ ಅಂತ ನನಗೂ ಅನ್ನಿಸಿತ್ತು. ಆದರೆ 220ಕ್ಕೆ ಓವನ್ ಕಾಯಲು ನಮ್ಮನೆಯಲ್ಲಿ ಹದಿನೈದು ನಿಮಿಷ ಬೇಕು, 135ಕ್ಕೆ ಏಳೆಂಟು ನಿಮಿಷ ಸಾಕು. ಒಟ್ಟು ವ್ಯತ್ಯಾಸ ಐದಾರು ನಿಮಿಷ, ಅಷ್ಟೇ. ಆ ಹೊತ್ತಿಗೆ ಕುಕ್ಕರ್‌ನಲ್ಲಿ ಅನ್ನ ಆಗುತ್ತದೆ, ತಂಬುಳಿಗೆ ಒಗ್ಗರಣೆ ಬೀಳುತ್ತದೆ. ಐದು ನಿಮಿಷ ಮರೆತರೂ ಮೀನು ಕೆಡಲಿಲ್ಲ. ಬಿಸಿ ನಿಧಾನವಾಗಿ ಒಳಗೆ ಇಳಿಯುವುದರಿಂದ ಅಂಚಿಗೂ ನಡುವಿಗೂ ಹೆಚ್ಚು ಫರಕು ಬರುವುದಿಲ್ಲ. ಬಿಳಿ ಗಡ್ಡೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಚಮಚ ತಾಗಿಸಿದರೆ ಮೀನು ಪದರ ಪದರವಾಗಿ ಜಾರುತ್ತದೆ, ಒಳಗೆ ಇನ್ನೂ ಹೊಳಪಿರುತ್ತದೆ.

ಆ ಹೊಳಪೇ ಅಮ್ಮನಿಗೆ ಹಿಡಿಸಲಿಲ್ಲ. ಆಗ ಅವರು ಇಲ್ಲಿಗೆ ಬಂದಿದ್ದರು. ತಟ್ಟೆಯನ್ನು ದೀಪಕ್ಕೆ ಹಿಡಿದು, “ಇದು ಬೆಂದಿದ್ಯಾ ಮಗಾ? ಒಳಗೆ ಹಸಿ ಇದ್ದ ಹಾಗಿದೆ ಅಲ್ವಾ?” ಅಂದರು. ಮೀನಿನ ನಡುವೆ 52 ಸೆಲ್ಸಿಯಸ್ ಬಂದಾಗಲೇ ನಾನು ಹೊರಗೆ ತೆಗೆದಿದ್ದೆ. ಅಮೆರಿಕ ಸರ್ಕಾರದ ಸೂಚನೆ ಮೀನಿನ ನಡುವೆ 63 ಡಿಗ್ರಿ ಬರಬೇಕು ಅಂತ. ವಯಸ್ಸಾದವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದೇ ಸರಿ. ಅಮ್ಮನ ತುಂಡನ್ನು ಮತ್ತೆ ಒಳಗಿಟ್ಟು 63 ಮುಟ್ಟಿಸಿದೆ. ಸಣ್ಣ ಕಾವಿನಲ್ಲಿ ಅಷ್ಟು ಬೆಂದರೂ ಅದು ಜೋರು ಕಾವಿನದಕ್ಕಿಂತ ಮೆತ್ತಗೇ ಇತ್ತು. ಆಮೇಲಿಂದ ಮನೆಯವರೆಲ್ಲರಿಗೂ ಹಾಗೇ ಮಾಡುತ್ತೇನೆ.

ನಿಜವಾದ ತೊಂದರೆ ಹೊಳಪಿನದ್ದಲ್ಲ, ಮಸಾಲೆಯದು. ಸಣ್ಣ ಕಾವಿನಲ್ಲಿ ಮೀನು ಬೇಯುತ್ತದೆ, ಮಸಾಲೆ ಬೇಯುವುದಿಲ್ಲ. ಮೊದಲ ತುತ್ತಿಗೇ ಹಸಿ ಬೆಳ್ಳುಳ್ಳಿ ನಾಲಿಗೆಗೆ ಹೊಡೆಯಿತು. ಉಪ್ಪು, ಮೆಣಸಿನಪುಡಿ, ನಿಂಬೆ ಅಷ್ಟೇ ಹಚ್ಚುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅರೆದ ಮಸಾಲೆ ಹಚ್ಚುವ ನಮಗೆ ದೊಡ್ಡ ವಿಷಯ. ಮುಂದಿನ ವಾರ ಚಿಕ್ಕ ಬಾಣಲೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ ಬಿಸಿ ಮಾಡಿ, ಮಸಾಲೆಯನ್ನು ಎಣ್ಣೆ ಬಿಡುವ ತನಕ ಬಾಡಿಸಿದೆ. ಮೂರು ನಿಮಿಷದ ಕೆಲಸ. ಆರಿದ ಮೇಲೆ ಮೀನಿಗೆ ಹಚ್ಚಿದೆ. ಹಸಿ ವಾಸನೆ ಪೂರ್ತಿ ಹೋಯಿತು.

ಮೂರನೆಯದು ಪೊಟ್ಟಣ. ಇಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಫ್ರೀಜ್ ಮಾಡಿದ ಬಾಳೆಎಲೆ ಸಿಗುತ್ತದೆ. ಎಲೆಯನ್ನು ಒಲೆ ಮೇಲೆ ಆಡಿಸಿ ಬಾಡಿಸಿ, ಮೀನಿಟ್ಟು ಮಡಚಿ, ಹೊರಗಿಂದ ಫಾಯಿಲ್ ಸುತ್ತಿ, 400 ಫ್ಯಾರನ್‌ಹೀಟ್‌ನಲ್ಲಿ (ಸುಮಾರು 205 ಸೆಲ್ಸಿಯಸ್) ಹದಿನೇಳು ನಿಮಿಷ ಇಟ್ಟೆ. ಬಿಚ್ಚಿದಾಗ ಬಂದ ಆವಿಗೆ ಮಗಳು ರೂಮಿನಿಂದ ಎದ್ದು ಬಂದಳು. ಮೀನಿನ ನೀರು, ಹುಳಿ, ಮೆಣಸು ಸೇರಿ ಎಲೆಯ ಮಡಿಕೆಯಲ್ಲಿ ಕೆಂಪು ರಸ ನಿಂತಿತ್ತು. ಕುಚ್ಚಲಕ್ಕಿ ಅನ್ನಕ್ಕೆ ಕಲಸಿದರೆ ಬೇರೆ ಸಾರು ಬೇಡ. ಮೂರರಲ್ಲಿ ರುಚಿಗೆ ಇದಕ್ಕೇ ನನ್ನ ಓಟು. ಆದರೆ ಚರ್ಮ ಲೋಳೆಯಾಗುತ್ತದೆ, ಮೊದಲೇ ತೆಗೆಯಬೇಕು. ಎಲೆ ಬಾಡಿಸಿ, ಸುತ್ತಿ, ಕಟ್ಟುವಷ್ಟು ತಾಳ್ಮೆ ಮಂಗಳವಾರ ಸಂಜೆ ಏಳಕ್ಕೆ ಇರುವುದಿಲ್ಲ. ಇದು ಶುಕ್ರವಾರದ ಅಡುಗೆ.

ಮೇ ತಿಂಗಳಲ್ಲಿ ಅಲಾಸ್ಕಾದ ಕಾಪರ್ ನದಿಯ ಸಾಕ್‌ಐ ಅನ್ನುವ ಸಾಲ್ಮನ್ ಜಾತಿ ಇಲ್ಲಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಅದು ಕಡುಗೆಂಪು, ತೆಳು, ಕೊಬ್ಬೂ ಕಡಿಮೆ. ಜೋರು ಕಾವಿನಲ್ಲಿ ಏಳೇ ನಿಮಿಷಕ್ಕೆ ಒಣಗಿಹೋಯಿತು. ಅಷ್ಟು ದುಡ್ಡು ಕೊಟ್ಟ ಮೀನಿಗೆ ಸಣ್ಣ ಕಾವು ಬಿಟ್ಟು ಬೇರೇನೂ ಮಾಡಬೇಡಿ. ಹದಿನಾಲ್ಕನೇ ನಿಮಿಷದಿಂದಲೇ ಥರ್ಮಾಮೀಟರ್ ಚುಚ್ಚಿ ನೋಡಿ.

ಇನ್ನೊಂದು ವ್ಯತ್ಯಾಸ ಮಾರನೇ ದಿನ ಗೊತ್ತಾಯಿತು. ಜೋರು ಕಾವಿನ ಮೀನು ಫ್ರಿಜ್‌ನಿಂದ ತೆಗೆದಾಗ ಗಟ್ಟಿಯಾಗಿತ್ತು, ಬಿಸಿ ಮಾಡಿದರೆ ಮತ್ತಷ್ಟು ಒಣಗಿತು. ಸಣ್ಣ ಕಾವಿನದು ತಣ್ಣಗೇ ಮೆತ್ತಗಿತ್ತು. ಅದನ್ನು ಬೆರಳಲ್ಲಿ ಬಿಡಿಸಿ, ಹೆಚ್ಚಿದ ಈರುಳ್ಳಿ, ತೆಂಗಿನತುರಿ, ನಿಂಬೆರಸ ಹಾಕಿ ಕಲಸಿದರೆ ಊಟದ ಡಬ್ಬಿ ರೆಡಿ. ಆಫೀಸಿನ ಮೈಕ್ರೋವೇವ್ ಹತ್ತಿರ ಹೋಗುವ ಕೆಲಸವೇ ಇಲ್ಲ.