ಹಳೆ ಮನೆಗೆ ಹೊಸ ವೈರಿಂಗ್: ಬೋರ್ಡು ಮಾತ್ರವೋ, ಗೋಡೆಯೊಳಗೋ, ಗೋಡೆಯ ಮೇಲೋ?

ಮೊದಲೇ ಹೇಳಿಬಿಡುತ್ತೇನೆ. ಜನ ವಾಸವಿರುವ ಹಳೆ ಮನೆಗೆ ವೈರಿಂಗ್ ಬದಲಿಸುವುದಾದರೆ ನನ್ನ ಆಯ್ಕೆ ಗೋಡೆಯ ಮೇಲಿನ ಪಿವಿಸಿ ಕೇಸಿಂಗ್ ಪಟ್ಟಿ, ಅದರೊಳಗೆ ಪೂರ್ತಿ ಹೊಸ ತಾಮ್ರದ ವೈರು, ಬೋರ್ಡಿನಲ್ಲಿ ಪ್ರತಿ ಸರ್ಕ್ಯೂಟಿಗೂ ಅದರದೇ ಆದ ಆರ್‌ಸಿಬಿಒ (ಸೋರಿಕೆ, ಓವರ್‌ಲೋಡು, ಶಾರ್ಟು ಮೂರಕ್ಕೂ ತಾನೇ ಕರೆಂಟು ಕಡಿಯುವ ಸ್ವಿಚ್ಚು). ನಮ್ಮ ಕುಟುಂಬದ ಮೂರು ಹಳೆ ಮನೆಗಳಲ್ಲಿ ಮೂರು ದಾರಿ ಹಿಡಿದದ್ದಾಗಿದೆ. ಅಕ್ಕನ ಮನೆಯಲ್ಲಿ ಹಳೆ ವೈರು ಹಾಗೇ ಉಳಿಸಿ ಮೈನ್ ಬೋರ್ಡು ಮಾತ್ರ ಬದಲಿಸಿದರು. ಚಿಕ್ಕಪ್ಪನ ಮನೆಯಲ್ಲಿ ಗೋಡೆ ಕೊರೆದು ಪೈಪು ಹುದುಗಿಸಿದರು. ನಮ್ಮ ಮನೆಗೆ ಪಟ್ಟಿ ಬಂತು. ಮೂರೂ ಕೆಲಸ ನಡೆಯುವಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಮುಗಿದ ಮೇಲೆ ಮೂರೂ ಮನೆಯಲ್ಲಿ ಉಳಿದು ಬಳಸಿದ್ದೇನೆ.

ಮೂರೂ ಮನೆಯ ಮೂಲ ವೈರಿಂಗ್ ಹೆಚ್ಚುಕಡಿಮೆ ಒಂದೇ ಕಾಲದ್ದು. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಸಾಗಿಸಿದ ವೈರು, ರಬ್ಬರ್ ಇನ್ಸುಲೇಶನ್ನಿನ ಮೇಲೆ ಹತ್ತಿ ನೂಲಿನ ಹೆಣಿಗೆ, ಪಿಂಗಾಣಿಯ ಫ್ಯೂಸು, ಎರಡು ಪಿನ್ನಿನ ಸಾಕೆಟ್ಟು. ಬಲ್ಬು, ಫ್ಯಾನು, ರೇಡಿಯೊ ಇದ್ದ ದಿನಗಳ ಅಂದಾಜಿನಲ್ಲಿ ಎಳೆದದ್ದು. ಈಗ 2 ಕಿಲೋವ್ಯಾಟಿನ ಗೀಸರ್ ಒಂದೇ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಕರೆಂಟು ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಶಾಖಕ್ಕೆ ರಬ್ಬರ್ ಒಣಗುತ್ತದೆ, ಒಣಗಿದ್ದು ಬಿರುಕು ಬಿಡುತ್ತದೆ. ಛಾವಣಿಯ ಬಲ್ಬ್ ಹೋಲ್ಡರ್ ಬಿಚ್ಚಿದಾಗ ಬೆರಳು ತಾಗಿದ ಕಡೆಯೆಲ್ಲ ಇನ್ಸುಲೇಶನ್ ಪುಡಿಪುಡಿಯಾಗಿ ಉದುರಿತು. ಹಾಗೆ ಉದುರುವ ವೈರು ಯಾವ ಮನೆಯಲ್ಲಿದ್ದರೂ ಬೋರ್ಡು ಬದಲಿಸಿ ನೆಮ್ಮದಿಯಾಗಿರುವುದು ಸಾಧ್ಯವಿಲ್ಲ.

ಹಳೆ ಬೋರ್ಡಿನಲ್ಲಿ ಇನ್ನೊಂದು ಅಪಾಯ ಅಡಗಿರುತ್ತದೆ. ಆಗ ಕರೆಂಟು ತರುವ ಫೇಸಿಗೂ ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ಲಿಗೂ ಎರಡಕ್ಕೂ ಫ್ಯೂಸು ಇಡುತ್ತಿದ್ದರು. ನ್ಯೂಟ್ರಲ್ ಫ್ಯೂಸು ಮಾತ್ರ ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಕರೆಂಟೇ ಇಲ್ಲ ಅನಿಸುತ್ತದೆ. ಆದರೆ ಫೇಸ್ ವೈರಿನಲ್ಲಿ ಪೂರ್ತಿ ವೋಲ್ಟೇಜು ಹಾಗೇ ಇರುತ್ತದೆ. ಹೋಲ್ಡರಿಗೆ ಕೈ ಹಾಕಿದವರ ಗತಿ ಏನು? ಟೆಸ್ಟರ್ ಹಚ್ಚದೆ ಯಾರೂ ಮುಟ್ಟಬಾರದು.

ಬೋರ್ಡು ಮಾತ್ರ ಬದಲಿಸಿದ್ದು

ಅಕ್ಕನ ಮನೆಯಲ್ಲಿ ಆ ಹೊತ್ತಿಗೆ ಕೈಯಲ್ಲಿದ್ದ ಹಣ ಅಷ್ಟೇ. ಪಿಂಗಾಣಿ ಫ್ಯೂಸುಗಳು ಹೋಗಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಬಂದವು, ಕೆಳಗಿನ ಮನೆಗೊಂದು, ಮಹಡಿಗೊಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಬಂತು. ಲಾಭ ಇಲ್ಲದಿಲ್ಲ. ಎಂಸಿಬಿ ತನ್ನ ರೇಟಿಂಗಿನ 1.45 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯೊಳಗೆ ಟ್ರಿಪ್ ಆಗಲೇಬೇಕು, ಶಾರ್ಟ್ ಆದರೆ ಕ್ಷಣಮಾತ್ರದಲ್ಲಿ. ಹಳೆ ಫ್ಯೂಸಿನಲ್ಲಾದರೆ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟಿಬಿಟ್ಟರೆ ರಕ್ಷಣೆಯೇ ಮುಗಿಯಿತು. ಆದರೆ ಎಂಸಿಬಿಗೆ ಗೊತ್ತಾಗದ ಸಂಗತಿಯೊಂದಿದೆ. ಸ್ವಿಚ್ ಬೋರ್ಡಿನೊಳಗೆ ಲೂಸ್ ಕಾಂಟ್ಯಾಕ್ಟ್ ಆಗಿ ಸ್ಕ್ರೂ ಕಾದು ಕೆಂಪಾದರೂ ಹರಿಯುವ ಕರೆಂಟು ಮಾಮೂಲಿಯಷ್ಟೇ ಇರುತ್ತದೆ, ಹಾಗಾಗಿ ಎಂಸಿಬಿ ಸುಮ್ಮನಿರುತ್ತದೆ. ಹಳೆ ವೈರಿನ ತೊಂದರೆ ಬಹುಪಾಲು ಇಂಥ ಜೋಡಣೆಗಳಲ್ಲೇ.

ನಿಜವಾಗಿ ಮನೆಮಂದಿಯನ್ನೆಲ್ಲ ಸುಸ್ತು ಮಾಡಿದ್ದು ಆರ್‌ಸಿಸಿಬಿ. ಹೊಸ ಬೋರ್ಡು ಬಂದ ಸಂಜೆಯಿಂದಲೇ ಮೆಟ್ಟಿಲ ದೀಪ ಹಾಕಿದರೆ ಸಾಕು, ಕೆಳಗೂ ಮೇಲೂ ಒಟ್ಟಿಗೆ ಕತ್ತಲು. ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಬೇರೆ ತಂದು ಹಾಕಿದರು. ಅದೂ ಹಾಗೇ. ಬಲ್ಬು ಬದಲಿಸಿದರು, ಸ್ವಿಚ್ಚು ಬದಲಿಸಿದರು. ಮತ್ತೆ ಅದೇ ಕತೆ.

ಕಾರಣ ಹಳೆ ವೈರಿಂಗಿನಲ್ಲಿತ್ತು. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ ಹೋದ ಕರೆಂಟಿನಷ್ಟೇ ನ್ಯೂಟ್ರಲ್ಲಿನಲ್ಲಿ ವಾಪಸು ಬಂತೇ ಎಂದು ತೂಗಿ ನೋಡುವುದು. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಅದು ಕರೆಂಟು ಕಡಿದೇಬಿಡುತ್ತದೆ. ಅದರ ಅರ್ಧದಷ್ಟು ದಾಟಿದ ಮೇಲೆ ಯಾವಾಗ ಬೇಕಾದರೂ ಕಡಿಯಬಹುದು. ಅಕ್ಕನ ಮನೆಯ ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ಚು. ಮೊದಲು ವೈರಿಂಗ್ ಮಾಡಿದವರು ವೈರು ಉಳಿಸಲು ಫೇಸನ್ನು ಕೆಳಗಿನ ಸರ್ಕ್ಯೂಟಿನಿಂದಲೂ ನ್ಯೂಟ್ರಲನ್ನು ಹತ್ತಿರವಿದ್ದ ಮಹಡಿಯ ಸರ್ಕ್ಯೂಟಿನಿಂದಲೂ ತೆಗೆದುಕೊಂಡಿದ್ದರು. ಫ್ಯೂಸಿನ ಕಾಲದಲ್ಲಿ ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಈಗ ಕೆಳಗಿನ ಆರ್‌ಸಿಸಿಬಿಗೆ ಹೋದ ಕರೆಂಟು ವಾಪಸು ಬರಲಿಲ್ಲ, ಮಹಡಿಯದಕ್ಕೆ ತಾನು ಕಳಿಸದ ಕರೆಂಟು ಬಂತು. ಎರಡೂ ಟ್ರಿಪ್. 9 ವ್ಯಾಟಿನ ಎಲ್‌ಇಡಿ ಬಲ್ಬು ಎಂದರೂ 39 ಮಿಲಿಆಂಪಿಯರ್ ಆಯಿತು, ಬಲ್ಬಿನ ಪವರ್ ಫ್ಯಾಕ್ಟರ್ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಎಷ್ಟು ಸಣ್ಣ ಬಲ್ಬು ಹಾಕಿದರೂ ಉಪಯೋಗವಾಗಲಿಲ್ಲ. ಮೆಟ್ಟಿಲಿಗೆ ಹೊಸ ನ್ಯೂಟ್ರಲ್ ಎಳೆದ ಮೇಲೆ ಆ ಕಾಟ ನಿಂತಿತು.

ನಿಂತಿತು ಅಂದುಕೊಂಡಾಗ ಎರಡನೆಯದು ಶುರುವಾಯಿತು. ಇದಕ್ಕೆ ಹೊತ್ತುಗೊತ್ತು ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಒಮ್ಮೆ, ಮಿಕ್ಸಿ ತಿರುಗುವಾಗ ಒಮ್ಮೆ. ಎಲೆಕ್ಟ್ರಿಷಿಯನ್ ಒಂದೊಂದೇ ಎಂಸಿಬಿ ಆಫ್ ಮಾಡಿ ದೋಷದ ಸರ್ಕ್ಯೂಟು ಹುಡುಕಿದರು, ಯಾವುದನ್ನು ಆಫ್ ಮಾಡಿದರೂ ಟ್ರಿಪ್ ಆಗುವುದು ತಪ್ಪಲಿಲ್ಲ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ಲುಗಳೆಲ್ಲ ಬೋರ್ಡಿನೊಳಗಿನ ಲೋಹದ ಬಾರಿನಲ್ಲಿ ಒಟ್ಟಿಗೇ ಸೇರಿಕೊಂಡಿರುತ್ತವೆ. ನೀರಿನ ಪಂಪಿಗೆ ಹೋಗುವ ಹಳೆ ಕಬ್ಬಿಣದ ಪೈಪಿನೊಳಗೆ ನ್ಯೂಟ್ರಲ್ಲಿನ ರಬ್ಬರು ಸವೆದು, ಅರ್ತ್ ಆಗಿದ್ದ ಪೈಪಿಗೆ ತಾಮ್ರ ತಾಗುತ್ತಿತ್ತು. ಬೇರೆ ಯಾವ ಸರ್ಕ್ಯೂಟಿನಲ್ಲಿ ದೊಡ್ಡ ಲೋಡು ಹಾಕಿದರೂ ವಾಪಸು ಬರುವ ಕರೆಂಟಿನ ಒಂದು ಪಾಲು ಈ ಪೈಪಿನ ದಾರಿ ಹಿಡಿದು ಭೂಮಿಗೆ ಹೋಗುತ್ತಿತ್ತು. ಪಂಪು ಓಡದಿದ್ದರೂ ಅದರ ವೈರು ಮನೆಯ ಕರೆಂಟನ್ನೆಲ್ಲ ಕೆಡವುತ್ತಿತ್ತು ಎಂದರೆ ನಂಬುವುದು ಕಷ್ಟ. ಕೊನೆಗೆ ಮೈನ್ ಆಫ್ ಮಾಡಿ, ಬಾರಿನಿಂದ ನ್ಯೂಟ್ರಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಅರ್ತಿಗೂ ನಡುವೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಚ್ಚಿದಾಗಲೇ ಗೊತ್ತಾದದ್ದು.

ನಡುವೆ ಬೇಸತ್ತ ಒಬ್ಬ ಕೆಲಸದವರು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ, ಇಲ್ಲವೇ 300 ಮಿಲಿಆಂಪಿಯರಿನದು ಹಾಕಿ ಎಂದರು. ನಾನು ಜಗಳವಾಡಿ ನಿಲ್ಲಿಸಿದೆ. 300 ಮಿಲಿಆಂಪಿಯರಿನದು ಇರುವುದು ಸೋರಿಕೆಯಿಂದ ಬೆಂಕಿ ಹತ್ತದಿರಲಿ ಎಂದು. ಮನುಷ್ಯನ ಮೈಯಲ್ಲಿ ಕರೆಂಟು ಹರಿದಾಗ ಅದು ಜೀವ ಉಳಿಸುವಷ್ಟು ಬೇಗ ಕಡಿಯುತ್ತದೆಂದು ನಂಬುವಂತಿಲ್ಲ. ಟ್ರಿಪ್ ಆಗುವ ಆರ್‌ಸಿಸಿಬಿ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ಸರಿಯಿಲ್ಲದ್ದು ಸರಿಯಾಗುವುದಿಲ್ಲ.

ಮೆಟ್ಟಿಲಿಗೊಂದು, ಪಂಪಿಗೊಂದು, ಆಮೇಲೆ ಬಚ್ಚಲಿಗೊಂದು ಎಂದು ತುಂಡು ತುಂಡಾಗಿ ಹೊಸ ವೈರು ಎಳೆಸಿ ಅಕ್ಕನಿಗೆ ಬಿದ್ದ ಕೂಲಿ ಲೆಕ್ಕ ಹಾಕಿದರೆ, ಉಳಿಸಿದ ಹಣ ಏನೂ ಉಳಿಯಲಿಲ್ಲ.

ಗೋಡೆಯೊಳಗೆ ಹುದುಗಿಸಿದ್ದು

ನೋಡಲು ಇದಕ್ಕಿಂತ ಚೆಂದ ಇಲ್ಲ. ಚಿಕ್ಕಪ್ಪನ ಮನೆಯಲ್ಲಿ ಈಗ ಸ್ವಿಚ್ಚುಗಳು ಮಾತ್ರ ಕಾಣುತ್ತವೆ. ಇಲಿ ಹಲ್ಲು ಹಾಕುವ ಭಯ ಇಲ್ಲ, ಪೈಪು ಸರಿಯಾದ ಗಾತ್ರದ್ದಿದ್ದರೆ ಮುಂದೊಂದು ದಿನ ವೈರು ಎಳೆದು ಬೇರೆ ತೂರಿಸಲೂಬಹುದು.

ಆದರೆ ಕೊರೆಯುವ ಯಂತ್ರ ಹಳೆ ಗೋಡೆಗೆ ತಾಗಿದಾಗ ಏನಾಗುತ್ತದೆಂಬುದನ್ನು ಕಣ್ಣಾರೆ ನೋಡಬೇಕು. ಸುಣ್ಣದ ಗಾರೆಯ ಗೋಡೆ ಗೆರೆ ಎಳೆದಂತೆ ಕೊರೆಯಲು ಬರುವುದಿಲ್ಲ, ಬೆರಳಗಲ ಬೇಕಾದಲ್ಲಿ ಅಂಗೈಯಗಲ ಕಿತ್ತು ಬರುತ್ತದೆ. ಅಡ್ಡಡ್ಡ ಕೊರೆದರೆ ತೆಳು ಗೋಡೆಯ ಬಲವೇ ಹೋಗುತ್ತದೆ, ಆದ್ದರಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಕೊರೆಯಲು ಬಿಡಬೇಕು. ಧೂಳಿಗೆ ಮನೆಮಂದಿಯೆಲ್ಲ ಬೇರೆಡೆ ಹೋಗಬೇಕಾಯಿತು. ಗಾರೆ ಒಣಗಬೇಕು, ಮತ್ತೆ ಬಣ್ಣ. ವೈರಿಂಗಿನ ಖರ್ಚಿಗಿಂತ ಗೋಡೆ ಸರಿಮಾಡಿಸುವ ಖರ್ಚೇ ಚಿಕ್ಕಪ್ಪನನ್ನು ಕಂಗೆಡಿಸಿತು. ಒಂದು ಒಳ್ಳೆಯ ಕೆಲಸ ಮಾಡಿದರು, ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟರು. ಮೊಳೆ ಹೊಡೆಯುವ ಮೊದಲು ಈಗಲೂ ಅದನ್ನು ನೋಡುತ್ತಾರೆ.

ಪಟ್ಟಿ

ನಮ್ಮ ಮನೆಯಲ್ಲಿ ಹಳೆ ಬೋರ್ಡಿನ ಪಕ್ಕದಲ್ಲೇ ಹೊಸ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡು) ಕೂರಿಸಿದರು. ಮುಂಚೆ ಹೊಸ ಅರ್ತ್, ಆಮೇಲೆ ಕೋಣೆಗೊಂದು ಕೋಣೆಯಂತೆ ಪಟ್ಟಿ, ವೈರು, ಹೊಸ ಸ್ವಿಚ್ ಬಾಕ್ಸು. ಒಂದು ಕೋಣೆ ಮುಗಿದ ಕೂಡಲೇ ಅದನ್ನು ಹೊಸ ಡಿಬಿಗೆ ಸೇರಿಸಿ, ಹಳೆಯದನ್ನು ಬೋರ್ಡಿನಿಂದಲೇ ಬಿಡಿಸುವುದು. ಇಷ್ಟೂ ಕಾಲ ಉಳಿದ ಕೋಣೆಗಳಲ್ಲಿ ದೀಪ, ಫ್ಯಾನು ನಡೆಯುತ್ತಲೇ ಇದ್ದವು. ಹಾಸಿಗೆ ಹಿಡಿದ ಅಪ್ಪನನ್ನು ಪಕ್ಕದ ಕೋಣೆಗೆ ಸರಿಸಿದರೆ ಸಾಕಾಯಿತು. ಗೋಡೆಗೆ ಬಿದ್ದದ್ದು ಸ್ಕ್ರೂವಿನ ತೂತುಗಳು ಮಾತ್ರ.

ದೀಪಕ್ಕೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರಿನ ವೈರು, ಪ್ರತಿಯೊಂದರ ಜೊತೆಗೂ ಅರ್ತ್. ಪಟ್ಟಿಯೊಳಗೆ ಎಲ್ಲೂ ಜಾಯಿಂಟ್ ಇರಬಾರದು, ಜಾಯಿಂಟ್ ಏನಿದ್ದರೂ ಬಾಕ್ಸಿನಲ್ಲೇ ಎಂದು ಮೊದಲೇ ಮಾತಾಡಿಕೊಂಡಿದ್ದೆ. ಪಟ್ಟಿಯ ಜಾಗದ ಅರ್ಧದಷ್ಟೂ ತುಂಬಬಾರದು ಎಂದೂ ಹೇಳಿದ್ದೆ, ಇಲ್ಲದಿದ್ದರೆ ಶಾಖ ಹೊರಗೆ ಹೋಗಲು ದಾರಿಯಿರುವುದಿಲ್ಲ. ಕರೆಂಟು ಕೊಡುವ ಮೊದಲು ಪ್ರತಿ ಸರ್ಕ್ಯೂಟಿಗೂ 500 ವೋಲ್ಟಿನ ಮೆಗ್ಗರ್ ಹಚ್ಚಿಸಿದೆ. ಕನಿಷ್ಠ 1 ಮೆಗಾಓಮ್ ಬರಬೇಕು, ಹೊಸ ವೈರು ಅದಕ್ಕಿಂತ ಎಷ್ಟೋ ಪಟ್ಟು ಮೇಲೆಯೇ ತೋರಿಸುತ್ತದೆ.

ಅಂದ? ಗೋಡೆಯ ಮೇಲೆ ಪಟ್ಟಿ ಕಾಣುತ್ತದೆ, ಇಲ್ಲ ಎನ್ನಲಾರೆ. ಛಾವಣಿಯ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಸಾಗಿಸಿ ಗೋಡೆಯ ಬಣ್ಣವನ್ನೇ ಬಳಿದರೆ ಕಣ್ಣಿಗೆ ಕುಕ್ಕುವುದಿಲ್ಲ. ವೈರು ಎಲ್ಲಿದೆ ಎಂದು ಕಾಣುವುದೇ ನನಗೆ ಸಮಾಧಾನ. ಮೇಜಿನ ಹತ್ತಿರ ಇನ್ನೊಂದು ಸಾಕೆಟ್ಟು ಬೇಕೆನಿಸಿದಾಗ ಕ್ಯಾಪು ಬಿಚ್ಚಿ, ವೈರು ಇಟ್ಟು, ಮತ್ತೆ ಮುಚ್ಚಿದರಾಯಿತು. ಮೂಲೆಗಳಲ್ಲಿ ಧೂಳು ಕೂರುತ್ತದೆ, ಒರೆಸಬೇಕು.

ಬೋರ್ಡಿನ ಒಳಗಿನದು

ಮನೆಗೆಲ್ಲ ಒಂದೇ ಆರ್‌ಸಿಸಿಬಿಯೋ, ಸರ್ಕ್ಯೂಟಿಗೊಂದು ಆರ್‌ಸಿಬಿಒ ಬೇಕೋ? ಅಕ್ಕನ ಮನೆಯ ಅನುಭವದ ನಂತರ ನನಗೆ ಪ್ರಶ್ನೆಯೇ ಉಳಿಯಲಿಲ್ಲ. ಆರ್‌ಸಿಸಿಬಿ ಸೋರಿಕೆಯನ್ನಷ್ಟೇ ನೋಡುತ್ತದೆ, ಓವರ್‌ಲೋಡಿಗೂ ಶಾರ್ಟಿಗೂ ಜೊತೆಯಲ್ಲಿ ಎಂಸಿಬಿ ಬೇಕೇ ಬೇಕು. ಆರ್‌ಸಿಬಿಒದಲ್ಲಿ ಎರಡೂ ಸೇರಿವೆ. ಬೆಲೆ ಹೆಚ್ಚು. ಆದರೆ ಗೀಸರಿನಲ್ಲಿ ಕರೆಂಟು ಸೋರಿದರೆ ಗೀಸರಿನದು ಮಾತ್ರ ಟ್ರಿಪ್ ಆಗುತ್ತದೆ, ಅಪ್ಪನ ಕೋಣೆಯ ಫ್ಯಾನು ನಿಲ್ಲುವುದಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವ ಕೆಲಸವೂ ತಪ್ಪುತ್ತದೆ. ಕೊಳ್ಳುವಾಗ ನ್ಯೂಟ್ರಲನ್ನೂ ಕಡಿಯುವ ಡಬಲ್ ಪೋಲ್ ಕೇಳಿ ತರಬೇಕು. ಆಗಾಗ ಟೆಸ್ಟ್ ಗುಂಡಿ ಒತ್ತಿ ನೋಡಬೇಕು.

ಕರ್ವ್ (ಎಷ್ಟು ಪಟ್ಟು ಕರೆಂಟಿಗೆ ತಟ್ಟನೆ ಕಡಿಯುತ್ತದೆ ಎಂಬ ಬಗೆ) ವಿಷಯ ಚುಟುಕಾಗಿ: ಪಂಪು, ಎಸಿಗೆ ಸಿ, ಉಳಿದದ್ದಕ್ಕೆ ಬಿ. ಶಾರ್ಟ್ ಆದಾಗ ಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೆ ಕಡಿಯುತ್ತದೆ, ಸಿ 5ರಿಂದ 10 ಪಟ್ಟಿಗೆ. ಮೋಟಾರು ಶುರುವಾಗುವಾಗಿನ ಜೋರು ಎಳೆತವನ್ನು ಬಿ ತಡೆದುಕೊಳ್ಳುವುದಿಲ್ಲ.

ಅಲ್ಯೂಮಿನಿಯಂ ವೈರು ನಾನು ಹಾಕಿಸುವುದಿಲ್ಲ. ಮೇಲ್ಮೈಗೆ ಆಕ್ಸೈಡ್ ಕಟ್ಟುತ್ತದೆ, ಕಾದು ತಣಿದು ಸ್ಕ್ರೂವಿನಡಿ ಸಡಿಲವಾಗುತ್ತದೆ.

ಎರಡು ಪಿನ್ನಿನ ಸಾಕೆಟ್ಟು ಕಿತ್ತು, ಅರ್ತ್ ಇಲ್ಲದ ಹಳೆ ವೈರಿಗೇ ಮೂರು ಪಿನ್ನಿನದು ಕೂರಿಸಿ, ಅರ್ತ್ ಪಿನ್ನನ್ನು ಒಳಗೇ ನ್ಯೂಟ್ರಲ್ಲಿಗೆ ಸೇರಿಸಿಬಿಡುವ ಅಭ್ಯಾಸ ಇದೆ. ದಯವಿಟ್ಟು ಮಾಡಿಸಬೇಡಿ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಫ್ರಿಜ್ಜಿನ ಮೈಯೇ ಫೇಸ್ ಆಗಿ ನಿಲ್ಲುತ್ತದೆ.

ಮನೆ ಖಾಲಿ ಮಾಡಿ ಗಾರೆ, ಬಣ್ಣ ಎಲ್ಲ ಹೊಸದಾಗಿ ಮಾಡಿಸುವವರಿಗೆ ಗೋಡೆಯೊಳಗಿನದೇ ಸರಿ, ಆ ಖರ್ಚು ಹೇಗೂ ಇದೆ. ವೈರು ಪಿವಿಸಿ ಹೊದಿಕೆಯ ತಾಮ್ರದ್ದಾಗಿದ್ದು, ಅರ್ತ್ ಇದ್ದು, ಮೆಗ್ಗರ್ ಪರೀಕ್ಷೆಯಲ್ಲಿ ಪಾಸಾದರೆ ಬೋರ್ಡು ಮಾತ್ರ ಬದಲಿಸಿದರೂ ನಡೆಯುತ್ತದೆ. ನಮ್ಮದು ಮನೆ ಬಿಟ್ಟು ಹೋಗಲಾಗದ ಸಂಸಾರ, ಹಣ ಬರುವುದು ಕಂತಿನಲ್ಲಿ, ನಾನು ಕೆಲಸ ಮಾಡುವುದು ಮನೆಯಿಂದಲೇ. ಪಟ್ಟಿ ಇದಕ್ಕೆಲ್ಲ ಹೊಂದಿತು. ಅರ್ತ್ ಮತ್ತು ಡಿಬಿ ಮೊದಲ ಕಂತು. ನಂತರ ಬಚ್ಚಲು, ಅಡುಗೆಮನೆ, ಪಂಪು, ಏಕೆಂದರೆ ನೀರೂ ದೊಡ್ಡ ಲೋಡೂ ಇರುವುದು ಅಲ್ಲೇ. ಮಲಗುವ ಕೋಣೆಗಳ ದೀಪ, ಫ್ಯಾನು ಕೊನೆಗೆ. ಅಟ್ಟದ ಒಂದು ಪಾಯಿಂಟು ಬಾಕಿ ಇದೆ. ಅದರ ಹಳೆ ವೈರನ್ನು ಬೋರ್ಡಿನಿಂದ ಬಿಡಿಸಿದ್ದೇವೆ, ಮುಂದಿನ ಕಂತಿಗೆ ಅಲ್ಲಿಗೂ ಪಟ್ಟಿ ಹೋಗುತ್ತದೆ.